ಮೂಗಿನ ದಾರಿ ತೆರೆಯುವುದು ಹೇಗೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಭ್ರೂಣದ ಮೂಗು, ತುಟಿ, ಅಂಗುಳಗಳ ಸುತ್ತ ಇದ್ದುದರಿಂದ ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಇಲ್ಲಿ ಭ್ರೂಣದ ವಾರಗಳನ್ನು ಗರ್ಭ ಕಟ್ಟಿದ ದಿನದಿಂದ ಎಣಿಸಿದೆ. ತಾಯಿ ಕಾರ್ಡಿನಲ್ಲಿ ಬರೆಯುವ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ. ಕಾರ್ಡಿಗೆ ಹೊಂದಿಸಿ ನೋಡುವವರು ನಮ್ಮ ವಾರಕ್ಕೆ ಎರಡು ವಾರ ಕೂಡಿಸಿಕೊಳ್ಳಬೇಕು.

ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿ ಸತ್ತು ಬೆರಳು ಬಿಡಿಯಾಗುತ್ತವೆ ಎಂದು ಓದಿದ್ದೇನೆ. ಮೂಗಿನಲ್ಲೂ ಹೀಗೆ ನಡೆಯುತ್ತದೆಯೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ನಡೆಯುತ್ತದೆ, ಅದೂ ಒಂದಲ್ಲ, ಹಲವು ಜಾಗಗಳಲ್ಲಿ. ನಾಲ್ಕನೆಯ ವಾರದ ಕೊನೆಗೆ ಭ್ರೂಣದ ಉದ್ದ ಸುಮಾರು 4 ಮಿಲಿಮೀಟರ್. ಆಗ ಮುಖವೆಂಬುದೇ ಇಲ್ಲ. ಹಣೆಯಾಗಬೇಕಾದ ಉಬ್ಬಿನ ಎರಡು ಪಕ್ಕಗಳಲ್ಲಿ ಹೊರಪದರ ದಪ್ಪಗಾಗಿ ಎರಡು ಬಿಲ್ಲೆಗಳು ಕಾಣುತ್ತವೆ. ಐದನೆಯ ವಾರದಲ್ಲಿ ಬಿಲ್ಲೆಗಳು ಒಳಕ್ಕೆ ಕುಸಿದು ಗುಳಿಗಳಾಗುತ್ತವೆ, ಅವುಗಳ ಸುತ್ತ ಕುದುರೆ ಲಾಳದ ಆಕಾರದ ದಿಣ್ಣೆ ಏಳುತ್ತದೆ. ದಿಣ್ಣೆಯ ಒಳಬದಿಯನ್ನು ಒಳಮೂಗಿನ ಉಬ್ಬು, ಹೊರಬದಿಯನ್ನು ಹೊರಮೂಗಿನ ಉಬ್ಬು ಎನ್ನೋಣ. ಇಲಿ ಮತ್ತು ಕೋಳಿ ಭ್ರೂಣಗಳಲ್ಲಿ, ಬಿಲ್ಲೆ ಮಡಿಚಿಕೊಳ್ಳುವ ಈ ಹೊತ್ತಿನಲ್ಲೇ ಮಡಿಕೆಯ ಆಸುಪಾಸಿನಲ್ಲಿ ಸಾಯುತ್ತಿರುವ ಕೋಶಗಳು ಸಿಗುತ್ತವೆ.

ಆರನೆಯ ವಾರದಲ್ಲಿ ಎರಡು ಕೆಲಸ ಜೊತೆಜೊತೆಗೆ ಸಾಗುತ್ತವೆ. ಮುಂದೆ, ಕೆನ್ನೆಯ ಕಡೆಯಿಂದ ಬೆಳೆದು ಬಂದ ಮೇಲ್ದವಡೆಯ ಉಬ್ಬು ಒಳಮೂಗಿನ ಉಬ್ಬಿಗೆ ತಾಗುತ್ತದೆ. ಎರಡರ ಮೈಮೇಲೂ ಹೊದಿಕೆ ಕೋಶಗಳ ಪದರವಿದೆ. ತಾಗಿದ ಕಡೆ ಎರಡು ಪದರಗಳು ಅಂಟಿ ನಡುವೆ ಒಂದು ತೆಳು ಗೋಡೆ ನಿಲ್ಲುತ್ತದೆ. ಆ ಗೋಡೆ ಕರಗಿದರೆ ಮಾತ್ರ ಒಳಗಿನ ಮೆತು ಅಂಗಾಂಶಗಳು ಒಂದಕ್ಕೊಂದು ಬೆರೆತು ಮೇಲ್ದುಟಿ ಇಡಿಯಾಗುತ್ತದೆ. ಹಿಂದೆ, ಮೂಗಿನ ಗುಳಿ ಆಳವಾಗುತ್ತಾ ಬಾಯಿಯ ಚಾವಣಿಯವರೆಗೆ ಇಳಿದಿರುತ್ತದೆ. ಮೂಗು ಬಾಯಿಗಳ ನಡುವೆ ಉಳಿಯುವುದು ಒಂದು ತೆಳ್ಳನೆಯ ಪೊರೆ. ಆರು ಏಳನೆಯ ವಾರದ ಹೊತ್ತಿಗೆ ಅದು ಹರಿದು ಮೂಗಿನ ಹಿಂಬಾಗಿಲು ತೆರೆಯುತ್ತದೆ. ತುಟಿಯಲ್ಲಿ ಗೋಡೆ ಕರಗಿದ್ದು ಎರಡು ಭಾಗ ಒಂದಾಗಲು, ಇಲ್ಲಿ ಪೊರೆ ಹರಿದದ್ದು ದಾರಿ ಬಿಡಲು. ಕೆಲವೇ ಮಿಲಿಮೀಟರ್ ಅಂತರದಲ್ಲಿ ಒಂದೇ ಉಪಾಯ ಎರಡು ವಿರುದ್ಧ ಫಲ ಕೊಡುವುದನ್ನು ಗಮನಿಸಿ. ಮುಖದ ಬೆಳವಣಿಗೆಯಲ್ಲಿ ನಮಗೆ ಅತಿ ಸೋಜಿಗದ್ದೆನಿಸುವುದು ಇದೇ.

ಎರಡನೆಯ ತಿಂಗಳ ಹೊತ್ತಿಗೆ ಮೂಗಿನ ಹೊಳ್ಳೆಗಳು ಹೊದಿಕೆ ಕೋಶಗಳ ಬಿರಡೆಯಿಂದ ಮುಚ್ಚಿಕೊಳ್ಳುತ್ತವೆ, ಕೆಲವು ತಿಂಗಳ ಬಳಿಕ ಬಿರಡೆ ಕರಗಿ ಮತ್ತೆ ತೆರೆಯುತ್ತವೆ. ಎಂಟರಿಂದ ಹನ್ನೆರಡನೆಯ ವಾರದೊಳಗೆ ಎಡಬಲದ ಅಂಗುಳದ ಹಲಗೆಗಳು ನಡುವೆ ಕೂಡುತ್ತವೆ, ಅಲ್ಲೂ ಒಂದು ಬೆಸುಗೆ ಗೋಡೆ ಇಲ್ಲವಾಗಬೇಕು. ಕಣ್ಣಿನಿಂದ ಮೂಗಿಗೆ ಇಳಿಯುವ ಕಣ್ಣೀರಿನ ನಾಳ ಮೊದಲು ಗಟ್ಟಿ ಹುರಿಯಂತಿದ್ದು, ನಡುವಿನ ಕೋಶಗಳು ಸತ್ತು ಟೊಳ್ಳಾಗುತ್ತದೆ.

ಸಾವಿನ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕೋಶ ಕುಗ್ಗುತ್ತದೆ, ಅದರ ವರ್ಣತಂತು ಮುದ್ದೆಗಟ್ಟುತ್ತದೆ, ಕ್ಯಾಸ್ಪೇಸ್ ಎಂಬ ಕತ್ತರಿ ಪ್ರೋಟೀನುಗಳು ಒಳಗಿನ ಚೌಕಟ್ಟನ್ನು ತುಂಡರಿಸುತ್ತವೆ. ಡಿಎನ್‌ಎ ಸುಮಾರು 180 ಬೇಸ್ ಜೋಡಿಗಳ ಅಳತೆಯಲ್ಲಿ ಕಡಿದುಹೋಗುತ್ತದೆ. ಕೋಶಪೊರೆಯ ಒಳಮೈಯಲ್ಲಿ ಇರಬೇಕಾದ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬು ಹೊರಮೈಗೆ ಬರುತ್ತದೆ. ಅದು 'ನನ್ನನ್ನು ತಿನ್ನಿ' ಎಂಬ ಸನ್ನೆ, ಅಕ್ಕಪಕ್ಕದ ಕೋಶಗಳು ಚೂರುಗಳನ್ನು ನುಂಗಿಬಿಡುತ್ತವೆ. ಒಳಗಿನ ರಸ ಹೊರಚೆಲ್ಲುವುದಿಲ್ಲವಾದ್ದರಿಂದ ಊತವಿಲ್ಲ, ಕೀವಿಲ್ಲ. ಗಾಯವಾಗಿ ಸಾಯುವುದಕ್ಕೂ ಇದಕ್ಕೂ ಇರುವ ಅಂತರ ಇದೇ. ಮರದಿಂದ ಎಲೆ ಉದುರುವುದಕ್ಕಿರುವ ಗ್ರೀಕ್ ಪದದಿಂದ 1972ರಲ್ಲಿ ಕೆರ್, ವೈಲಿ, ಕರ್ರಿ ಎಂಬ ವಿಜ್ಞಾನಿಗಳು ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು.

ಪರೀಕ್ಷೆಗೆ ಓದುವವರು ಇನ್ನೊಂದನ್ನು ನೆನಪಿಡಿ. ಸತ್ತ ಕೋಶ ಕೆಲವೇ ಗಂಟೆಗಳಲ್ಲಿ ಗುರುತಿಲ್ಲದೆ ಹೋಗುತ್ತದೆ. ಸ್ಲೈಡಿನಲ್ಲಿ ನಾಲ್ಕೈದು ಮಾತ್ರ ಕಂಡವು ಎಂದರೆ ಸತ್ತದ್ದು ನಾಲ್ಕೈದೇ ಎಂದಲ್ಲ.

ಬೆಸುಗೆಯ ಕೋಶಗಳು ಸಾಯುತ್ತವೆ ಎಂದು ಒಂದು ಪಠ್ಯ, ಅವು ಬೇರೆ ಬಗೆಯ ಕೋಶಗಳಾಗಿ ಬದಲಾಗುತ್ತವೆ ಎಂದು ಇನ್ನೊಂದು. ಯಾವುದು ಸರಿ?
– ದಂತವೈದ್ಯ ವಿದ್ಯಾರ್ಥಿ, ದಾವಣಗೆರೆ

ಅಂಗುಳದ ಬೆಸುಗೆಯ ಕೋಶಕ್ಕೆ ಮೂರು ದಾರಿಗಳನ್ನು ಹೇಳುತ್ತಾರೆ: ಸಾಯುವುದು, ಮೂಗಿನ ಕಡೆಯ ಅಥವಾ ಬಾಯಿಯ ಕಡೆಯ ಹೊದಿಕೆಗೆ ಸರಿದುಹೋಗುವುದು, ಹೊದಿಕೆಯ ಗುಣ ಬಿಟ್ಟು ಒಳಗಿನ ಮೆತು ಅಂಗಾಂಶದಲ್ಲಿ ಬೆರೆಯುವುದು. ಮೊದಲ ಎರಡಕ್ಕೆ ಪುರಾವೆ ಗಟ್ಟಿಯಾಗಿದೆ. ಮೂರನೆಯದು ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿತ್ತು. ಆದರೆ ಇಲಿಯ ಹೊದಿಕೆ ಕೋಶಗಳಿಗೆ ಅಳಿಸಲಾಗದ ತಳಿಗುರುತು ಹಾಕಿ ಹಿಂಬಾಲಿಸಿದ ಪ್ರಯೋಗಗಳು ಒಂದೇ ಉತ್ತರ ಕೊಟ್ಟಿಲ್ಲ, ಒಳಗೆ ಗುರುತಿನ ಕೋಶಗಳೇ ಸಿಗಲಿಲ್ಲ ಎಂದು ಕೆಲವರು ವರದಿ ಮಾಡಿದ್ದಾರೆ. ಹಾಗಾಗಿ ಉತ್ತರಪತ್ರಿಕೆಯಲ್ಲಿ ಸಾವು ಮತ್ತು ವಲಸೆಯನ್ನು ಮುಂದಿಟ್ಟು, ರೂಪಾಂತರವನ್ನು ಚರ್ಚೆಯಲ್ಲಿರುವ ಸಂಗತಿ ಎಂದು ಬರೆಯಿರಿ.

ಬೆಸುಗೆ ಕರಗಲು ಅಪ್ಪಣೆ ಬೇಕೆಂಬುದರಲ್ಲಿ ಅನುಮಾನವಿಲ್ಲ. ಟಿಜಿಎಫ್ ಬೀಟಾ-3 ಎಂಬ ಸಂಕೇತದ ಜೀನ್ ತೆಗೆದ ಇಲಿಮರಿಗಳು ಸೀಳು ಅಂಗುಳದೊಂದಿಗೆ ಹುಟ್ಟುತ್ತವೆಂದು 1995ರಲ್ಲಿ ತಿಳಿಯಿತು. ಕೋಶಮರಣದ ಯಂತ್ರದ ಮುಖ್ಯ ಭಾಗವಾದ ಏಪಾಫ್-1 ಇಲ್ಲದ ಇಲಿಗಳಲ್ಲಿ ಮಿದುಳು ಮಿತಿಮೀರಿ ಬೆಳೆಯುತ್ತದೆ, ಮುಖದ ನಡುಭಾಗ ಸರಿಯಾಗಿ ಕೂಡುವುದಿಲ್ಲ.

ಗ್ರಹಣದ ಹೊತ್ತಿನಲ್ಲಿ ಸೊಸೆ ತರಕಾರಿ ಹೆಚ್ಚಿದ್ದಕ್ಕೇ ಮೊಮ್ಮಗುವಿಗೆ ತುಟಿ ಸೀಳಿದೆ ಎಂದು ಮನೆಯಲ್ಲಿ ಮಾತು. ಅವಳು ದಿನವೂ ಅಳುತ್ತಾಳೆ. ನಿಜ ಏನು?
– ಒಬ್ಬ ಅಜ್ಜಿ, ಶಿರಸಿ

ಅವಳ ತಪ್ಪು ಏನೂ ಇಲ್ಲ. ಈ ಉತ್ತರವನ್ನು ಮನೆಯವರ ಮುಂದೆ ಜೋರಾಗಿ ಓದಿ.

ಸೀಳ್ತುಟಿ ಎಂದರೆ ಇದ್ದ ತುಟಿ ಸೀಳಿದ್ದಲ್ಲ, ಕೂಡಬೇಕಾದದ್ದು ಕೂಡದೆ ಉಳಿದದ್ದು. ಎರಡು ಉಬ್ಬುಗಳು ಹೊತ್ತಿಗೆ ಸರಿಯಾಗಿ ಬೆಳೆದು ತಾಗದಿರಬಹುದು. ತಾಗಿದರೂ ನಡುವಿನ ಹೊದಿಕೆ ಗೋಡೆ ಕರಗದೆ ಮತ್ತೆ ಬೇರ್ಪಟ್ಟಿರಬಹುದು. ಏಳನೆಯ ವಾರದೊಳಗೆ, ಅಂದರೆ ತಾಯಿ ಕಾರ್ಡಿನ ಒಂಬತ್ತನೆಯ ವಾರದೊಳಗೆ, ಈ ಕೆಲಸ ಮುಗಿದುಹೋಗುತ್ತದೆ. ಆಮೇಲೆ ಯಾವ ಚಾಕು, ಯಾವ ನೆರಳು ಬಂದರೂ ಕೂಡಿದ ತುಟಿ ಬಿಡುವುದಿಲ್ಲ. ಒಂದು ಲೆಕ್ಕ ಹಾಕಿ ನೋಡಿ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಿತು. ಅಂದು ಕಾರ್ಡಿನ ಪ್ರಕಾರ 22 ವಾರದ ಗರ್ಭಿಣಿಯಾಗಿದ್ದವರ ಮಗುವಿನ ತುಟಿ ಸೆಪ್ಟೆಂಬರ್ ಕೊನೆಗೇ ಕೂಡಿಯಾಗಿತ್ತು, ಅಥವಾ ಕೂಡದೆ ಉಳಿದಾಗಿತ್ತು. ಗ್ರಹಣವೇ ಇಲ್ಲದ ತಿಂಗಳುಗಳಲ್ಲೂ ಸೀಳ್ತುಟಿಯ ಮಕ್ಕಳು ಹುಟ್ಟುತ್ತಲೇ ಇರುತ್ತಾರೆ. ಜಗತ್ತಿನಾದ್ಯಂತ ತುಟಿ, ಅಂಗುಳದ ಸೀಳುಗಳನ್ನು ಕೂಡಿಸಿದರೆ ಸುಮಾರು 700 ಹೆರಿಗೆಗೆ ಒಂದರಂತೆ.

ನಿಜವಾದ ಕಾರಣಗಳು ಹಲವು ಸೇರಿಕೊಂಡಿರುತ್ತವೆ: ಮನೆತನದಲ್ಲಿ ಬಂದ ಜೀನ್‌ಗಳು, ಗರ್ಭಕ್ಕೆ ಮುಂಚೆಯೇ ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ, ತಂಬಾಕಿನ ಹೊಗೆ, ಮದ್ಯ, ವಾಲ್‌ಪ್ರೊಯೇಟ್, ಫೆನಿಟಾಯಿನ್, ಟೊಪಿರಮೇಟ್‌ನಂತಹ ಕೆಲವು ಅಪಸ್ಮಾರದ ಔಷಧಿಗಳು. (ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಗರ್ಭಕ್ಕೆ ಮೊದಲೇ ವೈದ್ಯರೊಂದಿಗೆ ಕೂತು ಬದಲಿಸಿಕೊಳ್ಳಬೇಕು.) ಎಷ್ಟೋ ಮಕ್ಕಳಲ್ಲಿ ಇಂಥದೇ ಎಂದು ಬೆರಳಿಟ್ಟು ತೋರಿಸಲು ಯಾವ ಕಾರಣವೂ ಸಿಗುವುದಿಲ್ಲ. ಮುಂದಿನ ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಲಿ. ಮಿದುಳುಬಳ್ಳಿಯ ದೋಷ ತಡೆಯುವಲ್ಲಿ ಅದರ ಪಾತ್ರ ಖಚಿತ, ಸೀಳ್ತುಟಿಯ ಮಟ್ಟಿಗೆ ಪುರಾವೆ ಅಷ್ಟು ಬಲವಾಗಿಲ್ಲ.

ಈಗ ಮಗುವಿನ ಹೊಟ್ಟೆಯ ಮಾತು. ತುಟಿ ಮಾತ್ರ ಸೀಳಿದ್ದರೆ ಎದೆಹಾಲು ಕುಡಿಯಬಲ್ಲದು. ಅಂಗುಳವೂ ಸೀಳಿದ್ದರೆ ಚೀಪುವ ಎಳೆತ ಹುಟ್ಟುವುದಿಲ್ಲ, ಹಾಲು ಮೂಗಿಗೆ ಬರುತ್ತದೆ. ಮಗುವನ್ನು ಅರ್ಧ ಕೂರಿಸಿದಂತೆ ಹಿಡಿದು, ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆನ್ನೆಯ ಒಳಬದಿಗೆ ಬಿಡಿ. ನಡುನಡುವೆ ತೇಗಿಸಿ, ವಾರಕ್ಕೊಮ್ಮೆ ತೂಕ ನೋಡಿ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ. 10 ವಾರ ವಯಸ್ಸು, 10 ಪೌಂಡ್ ಅಂದರೆ ಸುಮಾರು 4.5 ಕಿಲೊ ತೂಕ, 10 ಗ್ರಾಂ ಹಿಮೊಗ್ಲೋಬಿನ್ ಎಂಬ ಹಳೆಯ ಅಳತೆಗೋಲು ಇನ್ನೂ ಬಳಕೆಯಲ್ಲಿದೆ. ಅಂಗುಳಕ್ಕೆ 9ರಿಂದ 18 ತಿಂಗಳು. ಅದನ್ನು ಮುಂದೂಡುತ್ತಾ ಹೋದರೆ ಮಾತು ಮೂಗಿನಿಂದಲೇ ಬರುವ ರೂಢಿಯಾಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ದೋಷವಿದೆ, ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲಾ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿ.

ಅಕ್ಕನ ಮಗು ಹುಟ್ಟಿದ ಕೂಡಲೇ ನೀಲಿಗಟ್ಟುತ್ತಿತ್ತು, ಅತ್ತರೆ ಕೆಂಪಾಗುತ್ತಿತ್ತು. ಮೂಗಿನ ಹಿಂಭಾಗ ಮುಚ್ಚಿದೆ ಎಂದರು. ಇದು ಭ್ರೂಣದಲ್ಲಿ ಮೂಗು ಬಾಯಿಗಳ ನಡುವಿನ ಪೊರೆ ಹರಿಯದೇ ಹೋದದ್ದರಿಂದಲೇ?
– ಓದುಗರು, ಹಾಸನ

ಪೊರೆ ಉಳಿದುಬಿಟ್ಟಿತು ಎಂಬುದು ಹಳೆಯ ವಿವರಣೆ. ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ಸತ್ಯ. ಇಂಥ ಮಕ್ಕಳ ಸಿ.ಟಿ. ನೋಡಿದರೆ ಅಡ್ಡಿಯಲ್ಲಿ ಬಹುಪಾಲು ಮೂಳೆಯೂ ಇರುತ್ತದೆ, ಬರೀ ಪೊರೆ ಅಪರೂಪ. ಪೊರೆಯ ಕೋಶಗಳು ಸಾಯಲಿಲ್ಲ ಎಂದಷ್ಟೇ ಹೇಳಿದರೆ ಮೂಳೆ ಎಲ್ಲಿಂದ ಬಂತೆಂದು ಹೇಳಿದಂತಾಗುವುದಿಲ್ಲ. ಭ್ರೂಣದ ನರಕೊಳವೆಯ ಅಂಚಿನಲ್ಲಿ ಹುಟ್ಟಿ ಮುಖಕ್ಕೆ ವಲಸೆ ಬರುವ ನರಶಿಖೆಯ ಕೋಶಗಳು ದಾರಿ ತಪ್ಪಿದ್ದೂ ಕಾರಣವಿರಬಹುದು. ಈ ದೋಷ ಸುಮಾರು 5,000ದಿಂದ 8,000 ಹೆರಿಗೆಗೆ ಒಂದು, ಹೆಣ್ಣುಮಕ್ಕಳಲ್ಲಿ ಹೆಚ್ಚು, ಒಂದೇ ಬದಿ ಮುಚ್ಚಿರುವುದೇ ಹೆಚ್ಚು.

ಎಳೆಗೂಸು ಮೊದಲ ವಾರಗಳಲ್ಲಿ ಮೂಗಿನಿಂದಲೇ ಉಸಿರಾಡುತ್ತದೆ. ಎರಡೂ ಬದಿ ಮುಚ್ಚಿದ್ದರೆ ಬಾಯಿ ಮುಚ್ಚಿದಾಗ, ಹಾಲು ಕುಡಿಯುವಾಗ ನೀಲಿಯಾಗಿ, ಅಳಲು ಬಾಯಿ ತೆರೆದಾಗ ಸರಿಹೋಗುತ್ತದೆ. ಹೃದಯದ ದೋಷವಿದ್ದರೆ ಸಾಮಾನ್ಯವಾಗಿ ಅತ್ತಾಗ ನೀಲಿ ಹೆಚ್ಚುತ್ತದೆ. ದಾದಿಯರು ನೆನಪಿಡಬೇಕಾದ ವ್ಯತ್ಯಾಸ ಇದು. ಹೊಳ್ಳೆಯ ಕೆಳಗೆ ತಣ್ಣನೆಯ ಸ್ಟೀಲ್ ಚಮಚ ಹಿಡಿದರೆ ಉಸಿರಿನ ಮಂಜು ಕೂರುವುದಿಲ್ಲ. 6 ಫ್ರೆಂಚ್ ಅಳತೆಯ, ಅಂದರೆ 2 ಮಿ.ಮೀ. ದಪ್ಪದ ಕೊಳವೆ ಸುಮಾರು 3ರಿಂದ 3.5 ಸೆಂಟಿಮೀಟರ್‌ಗೆ ಗಟ್ಟಿಯಾಗಿ ತಡೆದು ನಿಲ್ಲುತ್ತದೆ. ಬಲವಂತವಾಗಿ ತಳ್ಳಬಾರದು. ಮುಂಭಾಗದಲ್ಲೇ ತಡೆದರೆ ಬೇರೆ ದೋಷ ಹುಡುಕಬೇಕು. ಸಿ.ಟಿ.ಗೆ ಮೊದಲು ಮೂಗಿನ ಸಿಂಬಳ ಹೀರಿ ತೆಗೆಯದಿದ್ದರೆ ಸಿಂಬಳವೇ ಪೊರೆಯಂತೆ ಕಂಡು ಮೋಸವಾಗುತ್ತದೆ.

ಆ ಕ್ಷಣದ ಕೆಲಸ ಬಾಯಿ ತೆರೆದಿರುವಂತೆ ಮಾಡುವುದು. ಬಾಯಿಯೊಳಗೆ ಉಸಿರುಕೊಳವೆ ಇಟ್ಟು ಭದ್ರಪಡಿಸಿ, ಹಾಲನ್ನು ಬಾಯಿಯ ಮೂಲಕ ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ಕೊಡುತ್ತಾರೆ. ಎರಡೂ ಬದಿ ಮುಚ್ಚಿದ್ದರೆ ಮೊದಲ ದಿನಗಳಲ್ಲಿ ಅಥವಾ ವಾರಗಳಲ್ಲೇ ಎಂಡೋಸ್ಕೋಪ್ ಎಂಬ ಒಳನೋಟದ ಕೊಳವೆಯ ಮೂಲಕ ಮೂಗಿನೊಳಗಿಂದ ಶಸ್ತ್ರಚಿಕಿತ್ಸೆ ಆಗಬೇಕು. ತೆರೆದ ದಾರಿ ಮತ್ತೆ ಕಿರಿದಾಗುವುದು ಇದರ ದೊಡ್ಡ ತೊಡಕು, ಆದ್ದರಿಂದ ಮರುತಪಾಸಣೆ ತಪ್ಪಿಸಬೇಡಿ. ಕಣ್ಣು, ಹೃದಯ, ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಚಾರ್ಜ್ ಸಿಂಡ್ರೋಮ್ ಎಂಬ ಗುಂಪುದೋಷದಲ್ಲಿ ಇವೆಲ್ಲ ಒಟ್ಟಿಗೆ ಬರುತ್ತವೆ, ಅದಕ್ಕೆ ಸಿಎಚ್‌ಡಿ-7 ಜೀನ್ ಕಾರಣವೆಂದು 2004ರಲ್ಲಿ ಗೊತ್ತಾಯಿತು. ಥೈರಾಯ್ಡ್‌ಗೆ ಕಾರ್ಬಿಮಜೋಲ್ ನುಂಗುತ್ತಿರುವ ಹೆಂಗಸರು ಗರ್ಭಕ್ಕೆ ಮೊದಲೇ ವೈದ್ಯರಿಗೆ ತಿಳಿಸಬೇಕು, ಮೊದಲ ಮೂರು ತಿಂಗಳಲ್ಲಿ ಅದಕ್ಕೂ ಈ ದೋಷಕ್ಕೂ ನಂಟಿದೆ.

ಸಾಯಬೇಕಾದ್ದಕ್ಕಿಂತ ಹೆಚ್ಚು ಕೋಶಗಳು ಸತ್ತರೆ?
– ಪಿಯುಸಿ ವಿದ್ಯಾರ್ಥಿ, ಕಲಬುರಗಿ

ಮುಖಕ್ಕೆ ಸಾಮಗ್ರಿಯೇ ಕಡಿಮೆ ಬೀಳುತ್ತದೆ. ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್‌ನಲ್ಲಿ ನರಶಿಖೆಯ ಕೋಶಗಳು ಹೊರಡುವ ಮುನ್ನವೇ ರಾಶಿಯಾಗಿ ಸಾಯುತ್ತವೆ, ಕೆನ್ನೆಯ ಮೂಳೆ, ದವಡೆ, ಕಿವಿ ಕುಗ್ಗಿಹೋಗುತ್ತವೆ. ಸಾವಿಗೆ ಅಪ್ಪಣೆ ಕೊಡುವ ಪಿ-53 ಪ್ರೋಟೀನನ್ನು ತಡೆದಾಗ ಇಲಿಗಳಲ್ಲಿ ಈ ದೋಷ ತಪ್ಪಿದ್ದನ್ನು 2008ರಲ್ಲಿ ತೋರಿಸಿದರು. ಆದರೆ ಅದೇ ಪಿ-53 ಕ್ಯಾನ್ಸರಿಗೂ ಕಾವಲು. ಹಾಗಾಗಿ ಇದನ್ನು ಮನುಷ್ಯರ ಮದ್ದು ಎಂದುಕೊಳ್ಳುವಂತಿಲ್ಲ. ಗರ್ಭಿಣಿ ಕುಡಿದ ಮದ್ಯವೂ ನರಶಿಖೆಯ ಕೋಶಗಳನ್ನು ಕೊಲ್ಲುತ್ತದೆ. ಮೂಗಿನ ಕೆಳಗಿನ ಗೆರೆ ಅಳಿಸಿದಂತಿರುವುದು, ಮೇಲ್ದುಟಿ ತೆಳ್ಳಗಿರುವುದು ಮದ್ಯದ ಹಾನಿಯ ಗುರುತುಗಳು.

ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಕೋಶಗಳ ಈ ಸಾವನ್ನು ಕಣ್ಣಾರೆ ತೋರಿಸಬಹುದೇ?
– ಪ್ರಾಣಿಶಾಸ್ತ್ರ ಉಪನ್ಯಾಸಕಿ, ತುಮಕೂರು

ಕೋಳಿಮೊಟ್ಟೆಯಲ್ಲಿ ಆಗುತ್ತದೆ, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಪಡೆಯಿರಿ. ಅಂಗಡಿಯ ಫಾರಂ ಮೊಟ್ಟೆ ಬೇಡ, ಅದಕ್ಕೆ ಹುಂಜ ಕೂಡಿರುವುದಿಲ್ಲ. ಮರಿ ಮಾಡಿಸುವವರಲ್ಲಿ ಮೊಟ್ಟೆ ತಂದು 37.5ರಿಂದ 38 ಡಿಗ್ರಿ ಸೆಲ್ಸಿಯಸ್, ಸುಮಾರು ಶೇ. 60 ತೇವದಲ್ಲಿ ಕಾವಿಗಿಡಿ. ಮೂಗಿನ ಗುಳಿ ನೋಡಲು ನಾಲ್ಕು ದಿನ, ಮೇಲ್ಕೊಕ್ಕಿನ ಉಬ್ಬುಗಳು ಕೂಡುವುದನ್ನು ನೋಡಲು ಆರು ದಿನ ಬೇಕು. ಭ್ರೂಣವನ್ನು ಬೆಚ್ಚಗಿನ ರಿಂಗರ್ ದ್ರಾವಣಕ್ಕೆ ತೆಗೆಯಿರಿ. ಕೋಳಿ ಭ್ರೂಣಕ್ಕೆ ಲೀಟರ್ ನೀರಿಗೆ 7.2 ಗ್ರಾಂ ಉಪ್ಪು, 0.37 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 0.23 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಇದಕ್ಕೆ ನೈಲ್ ಬ್ಲೂ ಸಲ್ಫೇಟ್ ಅಥವಾ ನ್ಯೂಟ್ರಲ್ ರೆಡ್ ಅನ್ನು ದ್ರಾವಣ ತಿಳಿಯಾಗಿ ಬಣ್ಣಕ್ಕೆ ತಿರುಗುವಷ್ಟೇ ಬೆರೆಸಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ತೊಳೆದು, ಕೂಡಲೇ ನೋಡಿ. ಸತ್ತ ಕೋಶಗಳ ಚೂರುಗಳನ್ನು ಹೊತ್ತ ಕಡೆಗಳು ಚುಕ್ಕಿಚುಕ್ಕಿಯಾಗಿ ಕಾಣುತ್ತವೆ.

ಕೆಡುವುದು ಮೂರು ಕಡೆ. ಬಣ್ಣ ಗಾಢವಾದರೆ ಭ್ರೂಣವೆಲ್ಲ ಬಣ್ಣಗಟ್ಟುತ್ತದೆ. ದ್ರಾವಣ ತಣ್ಣಗಾಗಿ ಭ್ರೂಣ ಸತ್ತರೂ ಹಾಗೆಯೇ. ಚಿಮಟ ತಾಗಿದ ಜಾಗವೂ ಬಣ್ಣ ಹಿಡಿಯುವುದರಿಂದ ಎಡಬಲ ಎರಡರಲ್ಲೂ ಸಮನಾಗಿ ಕಂಡದ್ದನ್ನು ಮಾತ್ರ ನಂಬಿ. ಫಾರ್ಮಲಿನ್‌ಗೆ ಹಾಕಿದರೆ ಈ ಬಣ್ಣ ನಿಲ್ಲುವುದಿಲ್ಲ, ಮೊದಲೇ ಫೋಟೊ ತೆಗೆದುಕೊಳ್ಳಿ. ಅಂಗುಳದ ಬೆಸುಗೆಯನ್ನು ಮಾತ್ರ ಕೋಳಿಯಲ್ಲಿ ಹುಡುಕಬೇಡಿ: ಹಕ್ಕಿಗಳ ಅಂಗುಳ ಹುಟ್ಟಿನಿಂದಲೇ ಸೀಳಿರುತ್ತದೆ, ಅದು ಅವುಗಳಿಗೆ ಸಹಜ.

ಮಗಳಿಗೆ ನಾಲ್ಕು ತಿಂಗಳು. ಒಂದು ಕಣ್ಣಿನಲ್ಲಿ ಸದಾ ನೀರು, ಬೆಳಿಗ್ಗೆ ಪಿಸುರು. ಡ್ರಾಪ್ಸ್ ಹಾಕಿದರೆ ಹೋಗಿ ಮತ್ತೆ ಬರುತ್ತದೆ.
– ತಾಯಿ, ಮೈಸೂರು

ಕಣ್ಣು ಕೆಂಪಾಗಿಲ್ಲದಿದ್ದರೆ ಇದು ಬಹುಮಟ್ಟಿಗೆ ಕಣ್ಣೀರಿನ ನಾಳದ ತುದಿ ತೆರೆಯದಿರುವುದು. ಟೊಳ್ಳಾಗುವ ಕೆಲಸ ನಾಳದ ಕೆಳತುದಿಯನ್ನು, ಅಂದರೆ ಮೂಗಿನೊಳಗೆ ತೆರೆಯುವ ಜಾಗವನ್ನು, ಎಲ್ಲಕ್ಕಿಂತ ಕೊನೆಗೆ ತಲುಪುತ್ತದೆ. ಎಷ್ಟೋ ಮಕ್ಕಳಲ್ಲಿ ಹುಟ್ಟುವಾಗಲೂ ಅಲ್ಲಿ ಹಾಸ್ನರ್ ಪೊರೆ ಉಳಿದಿರುತ್ತದೆ. ನೀರು ಇಳಿಯದೆ ನಿಂತು ಪಿಸುರಾಗುತ್ತದೆ. ಡ್ರಾಪ್ಸ್ ಪಿಸುರನ್ನು ತಡೆಯುತ್ತದೆ, ಪೊರೆಯನ್ನು ತೆರೆಯುವುದಿಲ್ಲ. ಮತ್ತೆ ಮತ್ತೆ ಬರುವುದು ಅದಕ್ಕೇ.

ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ 1923ರಲ್ಲಿ ಕ್ರಿಗ್ಲರ್ ಹೇಳಿದ ತೀಡುವ ಕ್ರಮ ಮಾಡಿ. ಉಗುರು ಕತ್ತರಿಸಿ ಕೈ ತೊಳೆಯಿರಿ. ಕಿರುಬೆರಳ ತುದಿಯನ್ನು ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ, ಮೂಳೆಯ ಅಂಚಿನ ಒಳಗಿಡಿ. ಮೊದಲು ಒತ್ತಿ ನಿಂತ ಪಿಸುರು ಹೊರಬಂದರೆ ಒದ್ದೆ ಹತ್ತಿಯಲ್ಲಿ ಒರೆಸಿ. ಆಮೇಲೆ ಬೆರಳು ಎತ್ತದೆ ಮೂಗಿನ ಪಕ್ಕದಲ್ಲಿ ಕೆಳಕ್ಕೆ ಒತ್ತುತ್ತಾ ಎಳೆಯಿರಿ. ಒಂದು ಸಲಕ್ಕೆ ಐದರಿಂದ ಹತ್ತು, ದಿನಕ್ಕೆ ಮೂರು ನಾಲ್ಕು ಸಲ. ಕಣ್ಣಿನ ಮೂಲೆಯ ಕಣ್ಣೀರಿನ ಚೀಲದೊಳಗಿನ ನೀರಿನ ಒತ್ತಡವೇ ಪೊರೆಯನ್ನು ಒಡೆಯಬೇಕು. ಚರ್ಮದ ಮೇಲೆ ಸವರಿದರೆ ಏನೂ ಆಗದು, ಹೆಚ್ಚಿನವರ ತಪ್ಪು ಇದೇ. ಆ ಕಣ್ಣಿಗೆ ಕಾಡಿಗೆ ಬೇಡ, ಎದೆಹಾಲು ಹಿಂಡುವುದೂ ಬೇಡ.

ವರ್ಷವಾದರೂ ನಿಲ್ಲದಿದ್ದರೆ ಅರಿವಳಿಕೆ ಕೊಟ್ಟು ತೆಳು ಸಲಾಕೆಯಿಂದ ಪೊರೆ ತೆರೆಯುತ್ತಾರೆ. ಮೂಲೆಯಲ್ಲಿ ಕೆಂಪು ಊತ ಮತ್ತು ಜ್ವರ, ಹುಟ್ಟಿನಿಂದಲೇ ನೀಲಿ ಗಂಟು, ಬೆಳಕಿಗೆ ಕಣ್ಣು ಬಿಡದಿರುವುದು, ಕಪ್ಪುಗುಡ್ಡೆ ದೊಡ್ಡದಾಗಿ ಅಥವಾ ಮಂಜಾಗಿ ಕಾಣುವುದು: ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಕೊನೆಯ ಎರಡು ಗ್ಲಾಕೋಮಾದ, ಅಂದರೆ ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆಯ, ಗುರುತುಗಳು, ಅಲ್ಲಿ ತೀಡುತ್ತಾ ಕೂರುವಂತಿಲ್ಲ.

ನೀರೆರೆಯುವಾಗ ಹೊಳ್ಳೆಗೆ ಎಣ್ಣೆ ಬಿಟ್ಟು, ಮೂಗು ತೀಡಿದರೆ ದಾರಿ ಚೆನ್ನಾಗಿ ತೆರೆದು ಮೂಗು ನೆಟ್ಟಗಾಗುತ್ತದೆಯೇ?
– ಬಾಣಂತಿ, ಚಿತ್ರದುರ್ಗ

ಇಲ್ಲ. ಹೊಳ್ಳೆಯ ಬಿರಡೆ ಮಗು ಹುಟ್ಟುವುದಕ್ಕೆ ತಿಂಗಳುಗಳ ಮೊದಲೇ ಕರಗಿರುತ್ತದೆ, ಎಣ್ಣೆಗೆ ತೆರೆಯಲು ಏನೂ ಉಳಿದಿಲ್ಲ. ಹೊಳ್ಳೆಗೆ ಬಿಟ್ಟ ಎಣ್ಣೆ ಕೆಮ್ಮು ಬರಿಸದೆಯೇ ಶ್ವಾಸಕೋಶಕ್ಕೆ ಜಾರಿ ಎಣ್ಣೆ ನ್ಯುಮೋನಿಯಾ ತರಬಹುದು, ಅದು ವಾಸಿಯಾಗಲು ತಿಂಗಳುಗಳು ಹಿಡಿಯಬಹುದು. ದಯವಿಟ್ಟು ಎರೆಯುವವರಿಗೆ ಖಂಡಿತವಾಗಿ ಬೇಡ ಎನ್ನಿ. ಮೈಗೆ ಹಚ್ಚಲು ಅಡ್ಡಿಯಿಲ್ಲ. ಮೂಗು ತೀಡುವುದರಿಂದ ಅದರ ಆಕಾರ ಬದಲಾಗದು. ಕಟ್ಟಿದ ಮೂಗಿಗೆ ಔಷಧಿ ಅಂಗಡಿಯ ಉಪ್ಪುನೀರಿನ ಹನಿ ಒಂದೆರಡು ಸಾಕು.

ಹಾವು, ನಾಯಿಗಳಂತೆ ನಮಗೂ ಎರಡನೆಯ ವಾಸನೆಯ ಅಂಗ ಇತ್ತೇ?
– ಓದುಗರು, ಕುಂದಾಪುರ

ಭ್ರೂಣದಲ್ಲಿ ಇರುತ್ತದೆ. ಮೂಗಿನ ನಡುಗೋಡೆಯ ಎರಡೂ ಬದಿಯಲ್ಲಿ ಸಣ್ಣ ಕೊಳವೆಯಂತಿರುವ ಇದನ್ನು 1813ರಲ್ಲಿ ಪ್ರಾಣಿಗಳಲ್ಲಿ ವಿವರಿಸಿದವರು ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್. ಮನುಷ್ಯರಲ್ಲಿ ಹುಟ್ಟುವ ಮೊದಲೇ ಅದರ ನರಕೋಶಗಳು ಇಲ್ಲವಾಗುತ್ತವೆ. ದೊಡ್ಡವರಾದ ಮೇಲೂ ಹಲವರ ನಡುಗೋಡೆಯಲ್ಲಿ, ಹೊಳ್ಳೆಯಿಂದ ಸ್ವಲ್ಪ ಒಳಗೆ, ಅದರ ಗುಳಿ ಮಾತ್ರ ಉಳಿದಿರುತ್ತದೆ.